ಗೋಡೆಗೆ ಬೇಕಾದ ಮುಖ

ಮನೆಯಲ್ಲೊಂದು ಕ್ಯಾಮೆರಾ, ಅದರೆದುರು ಒಬ್ಬ ಅತ್ತೆ ಇದ್ದರೆ ಸಾಕು, ನಗೆಪಾಟಲಿಗೆ ಬೇರೆ ಸಾಮಾನು ಬೇಡ. ನಾನು ಹುಟ್ಟಿದ್ದು ದೂರದ ಕೊಳ್ಳೇಗಾಲದಲ್ಲಿ. ಕೊಟ್ಟೂರಿಗೆ ಸೊಸೆಯಾಗಿ ಬಂದು ಈಗ ನಾನೇ ಅಜ್ಜಿಯಾಗಿದ್ದೇನೆ, ಅತ್ತೆ ಮಾತ್ರ ಇನ್ನೂ ಗಟ್ಟಿಯಾಗಿದ್ದಾರೆ. ತವರಿಗೆ ಹೋದಾಗ ತಮ್ಮ, "ನನಗೆ ಫೋನೇ ಸಾಕು ಕಣಕ್ಕ" ಎಂದು ತನ್ನ ಅಂಗೈಯಗಲದ ಡಿಜಿಟಲ್ ಕ್ಯಾಮೆರಾವನ್ನು ನನ್ನ ಚೀಲಕ್ಕೆ ಹಾಕಿದ. ಅದನ್ನು ಕಂಡದ್ದೇ ಅತ್ತೆಗೆ ಆಸೆ ಹುಟ್ಟಿತು.

ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತೀರಿಕೊಂಡಾಗ ಬೇರೆ ಫೋಟೊ ಸಿಗದೆ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು. "ಪಾಪ, ಸಿಕ್ಕಿಬಿದ್ದ ಕಳ್ಳಿಯಂಗ ಕಾಣ್ತಾಳ. ನಾ ಹೋಗೂದ್ರೊಳಗ ನನ್ನ ಮಾರಿ ಚಂದ ಕಾಣೂ ಹಂಗ ಒಂದು ಫೋಟೊ ತೆಗಿಯವಾ" ಎಂದರು ಅತ್ತೆ.

ಸೆರಗು

ಈ ಕ್ಯಾಮೆರಾದ ದೊಡ್ಡ ಗುಣ, ಏನೂ ಕಲಿಯಬೇಕಿಲ್ಲ. ಗುಂಡಿ ಒತ್ತಿದರೆ ಆಯಿತು. ದೊಡ್ಡ ದೋಷ, ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ. ಅಷ್ಟು ಹೊತ್ತು ಅತ್ತೆಗೆ ಬೇಕಾದಷ್ಟಾಯಿತು. ನಾನು ಒತ್ತುವುದು, ಬರಿದಲೆ ಕಂಡೀತೆಂದು ಅವರು ಸೆರಗು ಮುಂದಕ್ಕೆಳೆಯುವುದು, ಆಮೇಲೆ ಕ್ಯಾಮೆರಾ ಕಣ್ಣು ಹೊಡೆಯುವುದು. ಮಧ್ಯಾಹ್ನವೆಲ್ಲ ಇದೇ ಆಯಿತು.

ಪರದೆಯ ಮೇಲೆ ಒಂದೊಂದಾಗಿ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು.

"ಸೀರಿ ಭಾಳ ಚಲೋ ಬಂದೈತಿ. ಇದ್ರಾಗ ನಾ ಎಲ್ಲಿ ಅದೀನಿ?"

ದೂರದಿಂದ

ಗೊತ್ತಿಲ್ಲದ ಹಾಗೆ ತೆಗೆದರೆ ಸೆರಗು ಎಳೆಯುವುದಿಲ್ಲವಲ್ಲ! ದೂರದ್ದನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಶಕ್ತಿ ಈ ಪುಟ್ಟ ಡಬ್ಬಿಗಿದೆ. ಒಂದು ಸಂಜೆ ಮಾಳಿಗೆ ಹತ್ತಿ, ಹಿತ್ತಲಲ್ಲಿ ಬೆನ್ನು ಮಾಡಿ ಕೂತಿದ್ದ ಅತ್ತೆ ಈ ಕಡೆ ತಿರುಗುವುದನ್ನೇ ಕಾದು ಒತ್ತಿದೆ. ಆಹಾ, ಎಂಥ ಚಿತ್ರ! ಬಿಸಿಲು ಸರಿಯಾಗಿ ಮುಖದ ಮೇಲೆ, ಕಣ್ಣಲ್ಲಿ ಹೊಳಪು. ಬಾಯಲ್ಲಿ ಇಡೀ ಒಂದು ಮಿರ್ಚಿ ಬಜ್ಜಿ. ತೊಟ್ಟು ಕೂಡ ಎಣ್ಣೆಯಲ್ಲಿ ಮಿನುಗುತ್ತಿತ್ತು.

ಎಣ್ಣೆ ಪದಾರ್ಥ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ನನ್ನ ಯಜಮಾನರು ಚಿತ್ರ ಹಿಡಿದು ಕೇಳಿದರು, "ಯವ್ವಾ, ಇದೇನಿದು?"

ಅತ್ತೆ ನನ್ನ ಕಡೆ ತಿರುಗಿದರು. "ಮಾರಿ ತೆಗಿ ಅಂದ್ರ ಬಾಯಾಗಿಂದು ತೆಗೆದಿಯಲ್ಲೇ!"

ನಕ್ಕವರು ಯಾರು

ಈ ಕ್ಯಾಮೆರಾದಲ್ಲಿ ಇನ್ನೊಂದು ಸೌಕರ್ಯವಿದೆ. ಎದುರಿಗಿದ್ದವರ ಮುಖವನ್ನು ತಾನೇ ಹುಡುಕಿ ಹಳದಿ ಚೌಕ ಹಾಕುತ್ತದೆ, ನಕ್ಕರೆ ಯಾರೂ ಒತ್ತದೆ ತಾನೇ ಫೋಟೊ ತೆಗೆಯುತ್ತದೆ. ಅತ್ತೆಯನ್ನು ದೇವರ ಜಗಲಿಯ ಮುಂದೆ ಕೂರಿಸಿ, "ನಗಿ ಅತ್ತೆ" ಎಂದೆ.

"ಹಲ್ಲಿಲ್ಲ. ಏನ್ ತೋರ್ಸಿ ನಗ್ಲಿ?" ಎಂದು ತುಟಿ ಬಿಗಿದರು.

ಹಳದಿ ಚೌಕ ಅವರ ಮುಖದ ಸುತ್ತ ಸುಳಿದಾಡಿತು, ಬೇಸರ ಪಟ್ಟಿತೋ ಏನೋ, ಹಿಂದಿದ್ದ ದೇವರ ಬೆಳ್ಳಿ ಮುಖವಾಡದ ಮೇಲೆ ಹೋಗಿ ಕೂತಿತು. ಟಿಕ್! ಮೀಸೆಯ ಸಮೇತ ದೇವರು ಬಂದ.

ಆದದ್ದನ್ನು ವಿವರಿಸಿದೆ. ಅತ್ತೆ ಜಗಲಿಗೆ ತಿರುಗಿ ಸೊಂಟದ ಮೇಲೆ ಕೈಯಿಟ್ಟರು. "ಮದುವಿಯಾಗಿ ಬಂದಾಗಿಂದ ದೀಪ ಹಚ್ಚಾಕ ಹತ್ತೀನಿ. ನನ್ನ ಮುಂದ ಒಮ್ಮೆನೂ ನಗಲಿಲ್ಲ. ಸೊಸಿ ಡಬ್ಬಿ ಮುಂದ ನಕ್ಕಿಯೇನಪಾ?"

ಹೊರಸು

ದೇವರ ಕಾಟ ಬೇಡವೆಂದು ಅಂಗಳಕ್ಕೆ ಬಂದೆವು. ಕ್ಯಾಮೆರಾವನ್ನು ಜೋಳದ ಚೀಲದ ಮೇಲಿಟ್ಟೆ. ಅತ್ತೆ ಕುರ್ಚಿಯಲ್ಲಿ. ಅವರನ್ನು ಮಾತಾಡಿಸಿ ನಗಿಸೋಣವೆಂದು ಪಕ್ಕದ ಹೊರಸಿನ, ಅಂದರೆ ಹಗ್ಗದ ಮಂಚದ ಮೇಲೆ ನಾನು ಕೂತೆ. ಹಳೇ ಹೊರಸು. ಹಗ್ಗ ಪಟಪಟನೆ ಹರಿದು ನಾನು ನಡುವೆ ಮಡಚಿಕೊಂಡು ಕೆಳಗಿಳಿದೆ. ಎರಡು ಕಾಲು ಮಾತ್ರ ಆಕಾಶಕ್ಕೆ.

ಅತ್ತೆ ನಕ್ಕರು. ಸೆರಗು ಜಾರಿದ್ದೂ ತಿಳಿಯದ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಟಿಕ್! ಕೆಳಗಿನಿಂದ ನಾನು ಕೇಳಿದ್ದು ಆ ನಗೆ, ಈ ಟಿಕ್, ಎರಡೇ. ಎತ್ತುವವರು ಯಾರೂ ಇರಲಿಲ್ಲ.

ಫೋಟೊ ಎಂದರೆ ಫೋಟೊ! ಬೊಚ್ಚುಬಾಯಿಯ ತುಂಬು ನಗೆ, ಬೆಳ್ಳಗಿನ ಕೂದಲು. ಬದಿಯಲ್ಲಿ, ಅವರ ಭುಜದ ಹತ್ತಿರ, ನನ್ನ ಎರಡು ಅಂಗಾಲು.

"ಕಾಲು ಕಟ್ ಮಾಡ್ಲೇನ್ರಿ ಅಮ್ಮಾರೆ?" ಎಂದ, ದೊಡ್ಡದು ಮಾಡಿಸಲು ಹೋದಾಗ ಸ್ಟುಡಿಯೋದವನು.

"ಬ್ಯಾಡಪಾ, ಇರ್ಲಿ. ನಾ ಯಾಕ ನಗಾಕ ಹತ್ತೀನಿ ಅಂತ ಮಂದಿಗೆ ಗೊತ್ತಾಗಬೇಕಲ್ಲ" ಎಂದರು ಅತ್ತೆ.

ಗೋಡೆಯ ಮೇಲೆ

ಸಾಯುವ ತನಕ ಯಾರು ಕಾಯುತ್ತಾರೆ? ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಕಡೆ ತೂಗುಹಾಕಿಸಿದರು. ಮೊದಲು ಬಂದವರು ಹಗರಿಬೊಮ್ಮನಹಳ್ಳಿಯ ಬೀಗರು. ಅತ್ತೆ ಚಾಪೆಯ ಮೇಲೆ ಕೂತು, ಹೊಗಳಿಕೆಗಾಗಿ ಕಾಯುತ್ತಿದ್ದರು. ಬೀಗರು ಫೋಟೊದ ಹತ್ತಿರ ಹೋದರು, ಚಪ್ಪಲಿ ಹೊರಗೆ ಬಿಟ್ಟಿದ್ದೇವೆಯೋ ಇಲ್ಲವೋ ಎಂದು ಕಾಲು ನೋಡಿಕೊಂಡರು, ಕೈ ಮುಗಿದರು.

"ಯಾವ ಮಠದ ಅಜ್ಜಾರ ಪಾದರೀ ಇವು? ಎಂಥಾ ಕಳೆ ಐತ್ರಿ!"

ನಾನು ಬಾಯಿ ತೆರೆಯುವುದರೊಳಗೆ ಅವರು ದೇವರ ಜಗಲಿಯಿಂದ ವಿಭೂತಿ ತಂದು ಗಾಜಿನ ಮೇಲೆ, ನನ್ನ ಅಂಗಾಲಿಗೆ ಹಚ್ಚಿ, ಹಣೆ ತಾಗಿಸಿದರು. ಬೀಗಿತ್ತಿಯೂ ತಾಗಿಸಿದರು. ಅತ್ತೆಯ ಮುಖದ ಕಡೆ ಯಾರೊಬ್ಬರೂ ನೋಡಲಿಲ್ಲ.

ಬೀಗರು ಬಸ್ಸಿಗೆ ಹೋದದ್ದೇ ತಡ, ಅತ್ತೆ ಕುರ್ಚಿ ಎಳೆದು, ತಾವೇ ಹತ್ತಲು ಹೊರಟು ಮಗನನ್ನು ಕೂಗಿದರು.

"ಇಳಸಲೇ ಆ ಫೋಟೊ! ಬಂದೋರೆಲ್ಲಾ ನನ್ನ ಸೊಸಿ ಕಾಲಿಗೆ ಬಿದ್ರ, ನನ್ನ ಮಾರಿ ನೋಡೋರು ಯಾರು? ಸ್ಟುಡಿಯೋದವನ ಕಡೆ ಹೋಗಿ ಕಾಲು ಕತ್ತರಿಸ್ಕೊಂಡು ಬಾ!"