ನಾವು ನಾಲ್ವರು, ಮುಗಿಯದ ಒಂದು ಕೃತಿ

"ನಾಲ್ಕು ಜನ ಒಂದೇ ಶ್ರುತೀಲಿ ಕೂತ್ರೆ ಊರೇ ಸುಮ್ಮನಾಗಿ ಕೇಳ್ತದೆ ಮಗ" ಎಂದು ಸೋಸಲೆಯ ನಮ್ಮ ಅಜ್ಜಿ ನನ್ನ ಬಾಲ್ಯದಲ್ಲಿ ಹೇಳುತ್ತಿದ್ದರು. ಕನ್ನಡ ಎಂ.ಎ. ಮುಗಿಸುವವರೆಗೂ ನಾನು ಆ ಮಾತನ್ನು ನಂಬಿದ್ದೆ. ಅನಂತರ ಸಂದೇಹ ಹುಟ್ಟಿತು: ಅಜ್ಜಿ ಯಾವ ಊರನ್ನು ಕುರಿತು ಹಾಗೆ ಹೇಳಿದರು? ನಂಜನಗೂಡನ್ನಂತೂ ಅಲ್ಲ, ತಿ. ನರಸೀಪುರವನ್ನು ಖಂಡಿತ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ನಾಲ್ವರು ತಂತಿವಾದ್ಯಗಳನ್ನು ಹೊತ್ತು ಈ ಸೀಮೆಯಲ್ಲಿ ಎಲ್ಲಿಗೆ ಹೋದರೂ, ಒಂದಲ್ಲ ಒಂದು ಪ್ರಸಂಗ ನಮಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿರುತ್ತಿತ್ತು.

ಮೈಸೂರಿನ ನಿವೃತ್ತ ಬ್ಯಾಂಡ್ ಮಾಸ್ತರರೊಬ್ಬರಲ್ಲಿ ಪಾಶ್ಚಾತ್ಯ ಸಂಗೀತ ಕಲಿತವರು ನಾವು. ಮೊದಲ ಪಿಟೀಲು ನಮ್ಮ ನಾಯಕಿಯದು. ಆಕೆ ನಂಜನಗೂಡಿನ ಪಾತ್ರೆ ಅಂಗಡಿಯವರ ಮಗಳು. ಎರಡನೆಯ ಪಿಟೀಲು ನನ್ನದು. ಪಿಟೀಲಿಗಿಂತ ಕೊಂಚ ದೊಡ್ಡದಾದ ವಯೋಲಾ ಒಬ್ಬ ಮಿತಭಾಷಿ ಗೆಳೆಯನ ಪಾಲಿಗೆ ಬಂದಿತ್ತು. ಎದೆಯೆತ್ತರದ ಚೆಲ್ಲೋವನ್ನು ಮಂಡಿಗಳ ನಡುವೆ ಇರಿಸಿಕೊಂಡು, ಕುರ್ಚಿಯಲ್ಲಿ ಕುಳಿತೇ ನುಡಿಸಬೇಕು; ಅದಕ್ಕೆ ಮುಡುಕುತೊರೆಯ ಭಾರಿ ಆಸಾಮಿಯೊಬ್ಬನಿದ್ದ.

ನಮ್ಮ ಬಳಿ ನಾಲ್ಕು ಭಾಗಗಳ ಒಂದು ದೊಡ್ಡ ಕೃತಿಯಿತ್ತು. ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ಮುನ್ನ ಕ್ಷಣಕಾಲ ಮೌನ. ನಮ್ಮ ಕಷ್ಟಗಳೆಲ್ಲ ಹುಟ್ಟಿದ್ದು ಆ ಮೌನದಲ್ಲಿಯೇ.

ಶಾಲು

ನಂಜನಗೂಡಿನ ಛತ್ರವೊಂದರಲ್ಲಿ ಆರತಕ್ಷತೆ. ಮೊದಲ ಭಾಗ ಮುಗಿಸಿ ಕಮಾನು ಎತ್ತಿದೆವಷ್ಟೆ. ವಧುವಿನ ಸೋದರಮಾವ ಶಾಲು, ಹಣ್ಣಿನ ತಟ್ಟೆಗಳೊಡನೆ ವೇದಿಕೆ ಏರಿದರು.

"ಮಹನೀಯರೇ, ಇನ್ನೂ ಮೂರು ಭಾಗಗಳಿವೆ" ಎಂದೆ.

"ಇರ್ಲಿ ಬಿಡಿ ಸಾ. ನೀವ್ಯಾಕೆ ಅಷ್ಟು ಆಯಾಸ ಮಾಡ್ಕತೀರಿ?" ಎಂದವರು, ಮೈಕಿನಲ್ಲಿ ಕಲಾವಿದರಿಗೆ ವಂದನೆ ಸಲ್ಲಿಸಿಯೇ ಬಿಟ್ಟರು. ವಂದನಾರ್ಪಣೆ ಕಿವಿಗೆ ಬಿದ್ದ ಮೇಲೆ ಊಟಕ್ಕೆ ಏಳದೆ ಉಳಿಯುವ ಸಭೆ ನಮ್ಮ ಸೀಮೆಯಲ್ಲಿ ಇಲ್ಲ.

ಮುಂದಿನ ಮದುವೆಯಲ್ಲಿ, ಸನ್ಮಾನ ಕೊನೆಯಲ್ಲಿರಲೆಂದು ಮೊದಲೇ ವಿನಂತಿಸಿಕೊಂಡೆವು. ಆ ಮನೆಯ ಹಿರಿಯರು ಬಿಡಿಸಿದ ಶಾಲನ್ನು ಎರಡೂ ಕೈಗಳಲ್ಲಿ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತರು. ನಾದ ತುಸು ಮೆಲ್ಲಗಾದರೆ ಏಳುವರು. ನಾಯಕಿ ತಲೆಯಾಡಿಸಿದರೆ ಕೂರುವರು. ಎರಡನೆಯ ಭಾಗದ ನಡುವೆ ಅವರ ತಾಳ್ಮೆ ಮುಗಿಯಿತು. ಕಪಿಲೆಯಲ್ಲಿ ಬಲೆ ಬೀಸುವವರಂತೆ ಅಲ್ಲಿಂದಲೇ ಬೀಸಿದರು. ಶಾಲು ವಯೋಲಾ ಗೆಳೆಯನನ್ನು ತಲೆಯಿಂದ ಮಂಡಿಯವರೆಗೆ ಮುಚ್ಚಿತು. ಅವನು ಒಳಗಿನಿಂದಲೇ ನೆನಪಿದ್ದಷ್ಟು ನುಡಿಸಿ, "ಕತ್ತಲು" ಎಂದು ನಿಲ್ಲಿಸಿದ. ಅಂದು ಅವನು ಆಡಿದ್ದು ಅದೊಂದೇ ಮಾತು.

ವಿವರಣೆ

ದೋಷ ಜನರದಲ್ಲ, ಅವರಿಗೆ ಕೃತಿಯ ಸ್ವರೂಪವನ್ನು ತಿಳಿಸದ ನಮ್ಮದು ಎಂದು ನಾನು ವಾದಿಸಿದೆ. ಪ್ರತಿಯೊಂದು ಭಾಗಕ್ಕೂ ಮುನ್ನ ಶುದ್ಧ ಕನ್ನಡದಲ್ಲಿ ಅದರ ಭಾವವನ್ನು ವಿವರಿಸುವ ಹೊಣೆಯನ್ನೂ ಹೊತ್ತೆ. ಮೊದಲ ಪ್ರಯೋಗ ನಡೆದದ್ದು ಹುಲ್ಲಹಳ್ಳಿಯ ಯುವಕರ ಸಂಘದಲ್ಲಿ.

"ಈ ಭಾಗದಲ್ಲಿ, ಪತಿಯನ್ನು ಅಗಲಿದ ವಿರಹಿಣಿಯೊಬ್ಬಳು ನದೀತೀರದಲ್ಲಿ ಅರಸುತ್ತ ನಡೆಯುತ್ತಾಳೆ" ಎಂದು ಹೇಳಿ ಪಿಟೀಲು ಎತ್ತಿದೆ. ಮೊದಲ ಭಾಗವನ್ನು ಸಭೆ ಸಹಿಸಿತು. ಎರಡನೆಯದಕ್ಕೆ ಮುನ್ನ, "ಈಗ ಬಿರುಗಾಳಿ ಏಳುತ್ತದೆ" ಎಂದೆ.

ಮುಂದೆ ಕುಳಿತಿದ್ದ ಹೆಂಗಸೊಬ್ಬರು ಕೇಳಿದರು: "ಅವ್ಳ ಗಂಡ ಸಿಕ್ಕಿದ್ನಾ ಸಾ?"

"ಅದನ್ನು ಸಂಗೀತವೇ ಹೇಳುತ್ತದೆ, ತಾಯಿ."

"ಅದೇನೂ ಯೇಳ್ನಿಲ್ಲ. ನೀವೇ ಯೇಳ್ಬುಡಿ. ಆಮ್ಯಾಕೆ ಬೇಕಾದ್ರೆ ಕುಯ್ಕೊಳ್ಳಿ."

ಹಿಂದಿನಿಂದ ಮತ್ತೊಬ್ಬರು ಗಂಡನ ಊರು ಯಾವುದೆಂದು ಕೇಳಿದರು. ಇನ್ನೊಬ್ಬರು, ಅವಳ ಅತ್ತೆಯದೇ ಕಿತಾಪತಿ ಇರಬೇಕೆಂದು ಶಂಕಿಸಿದರು. ಬೇರೆ ದಾರಿ ಕಾಣದೆ ನಾನು ಕಥೆಯನ್ನು ಬೆಳೆಸಿದೆ. ಮೂವರು ಗೆಳೆಯರು ನನ್ನ ವಾಕ್ಯಗಳ ಕೊನೆಗೆ ಒಂದೊಂದು ಸ್ವರ ಎಳೆದರು. ದಂಪತಿಗಳನ್ನು ಒಂದುಗೂಡಿಸುವಷ್ಟರಲ್ಲಿ ಊರಿಗೆ ಮರಳುವ ಕಡೆಯ ಬಸ್ಸು ಹಾರ್ನ್ ಹೊಡೆಯಿತು. ಬೀಳ್ಕೊಡುವಾಗ ಸಂಘದ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು: "ಕತೆ ಬೋ ಪಸಂದಾಗಿತ್ತು ಸಾ. ಮುಂದಿನ್ಸಲ ಆ ಮೂರು ಜನ್ರನ್ನ ಕರ್ಕಬರ್ಬ್ಯಾಡಿ."

ಅಪ್ಪಾಜಿಯ ಷರತ್ತು

ನಾಯಕಿಯ ಅಪ್ಪಾಜಿ ಇವನ್ನೆಲ್ಲ ಅಂಗಡಿಯಲ್ಲಿ ಕುಳಿತೇ ಕೇಳಿ ತಿಳಿದಿದ್ದರು. ಒಂದು ದಿನ ನಾಲ್ವರನ್ನೂ ಕರೆಸಿ, ಕೊಳದಪ್ಪಲೆಯೊಂದನ್ನು ಬೋರಲು ಹಾಕಿ ಬೆರಳಿನಿಂದ ಬಡಿದರು.

"ತಳ ಇಲ್ದಿರೋ ಪಾತ್ರೇನ ನಾನು ಮಾರ್ತೀನೇನವ್ವಾ? ನಿಮ್ಮದು ಒಂದಾದ್ರೂ ಕೊನೆ ಮುಟ್ಟಿದ್ದು ಅದಾ?"

ಮಗಳು ಕೊಳದಪ್ಪಲೆಯನ್ನು ನೆಟ್ಟಗೆ ತಿರುಗಿಸಿಟ್ಟಳು.

"ನರಸೀಪುರದಲ್ಲಿ ನನ್ ತಂಗಿ ಮಗಳ ಆರತಕ್ಷತೆ ಅದೆ. ಅಲ್ಲಿ ಕೊನೇ ಗಂಟ ನುಡಿಸಿ ತೋರ್ಸಿ. ಇಲ್ಲಾಂದ್ರೆ ಇಲ್ಲೇ ಇಸ್ಕೂಲಲ್ಲಿ ಟೀಚರ್ ಕೆಲಸಕ್ಕೆ ಯೇಳಿವ್ನಿ, ಸೇರ್ಕೊ."

ಆಕೆ ಹೋದರೆ ನಮ್ಮ ವೃಂದವೇ ಇಲ್ಲ. ಆ ರಾತ್ರಿಯಿಂದಲೇ ಉಪಾಯ ಹುಡುಕತೊಡಗಿದೆವು. ಕೊನೆಗೆ ಹೊಳೆದದ್ದು ಚೆಲ್ಲೋ ಆಸಾಮಿಗೆ: "ಮೌನಾನೇ ಬ್ಯಾಡ ಕಣ್ರಲಾ. ಸಂದು ಬಂದಾಗೆಲ್ಲ ನಾನೊಂದು ಸ್ವರ ಎಳೀತಾ ಇರ್ತೀನಿ. ಯಾವನು ಶಾಲು ತತ್ತಾನೆ ನೋಡಾಣ."

ಕುರ್ಚಿ

ನರಸೀಪುರದ ಆರತಕ್ಷತೆಯಲ್ಲಿ ಉಪಾಯ ಫಲಿಸಿತು. ಭಾಗಗಳ ನಡುವೆ ಚೆಲ್ಲೋ ಗುಂಯ್ ಎನ್ನುತ್ತಲೇ ಇತ್ತು. ಶಾಲು ಹಿಡಿದವರು ಮೆಟ್ಟಿಲಲ್ಲಿ ಕಾಲಿಟ್ಟು ಕಾಲು ತೆಗೆದರು. ನಾಲ್ಕನೆಯ ಭಾಗದ ಕೊನೆಯ ಪುಟಕ್ಕೆ ಬಂದೆವು. ಆಗ ಬಾಗಿಲಲ್ಲಿ ಯಾರೋ ಕೂಗಿದರು: "ಬುದ್ಧೇರು ಬಂದ್ರು."

ವಧೂವರರನ್ನು ಹರಸಲು ಮಠದ ಸ್ವಾಮಿಗಳು ದಯಮಾಡಿಸಿದ್ದರು. ಸಭೆ ಒಟ್ಟಿಗೇ ಎದ್ದು ನಿಂತಿತು. ನಾವು ಮೂವರೂ ಎದ್ದು, ನಿಂತೇ ನುಡಿಸಿದೆವು. ಚೆಲ್ಲೋದವನು ಏಳುವ ಹಾಗಿಲ್ಲ.

"ಬುದ್ಧೇರು ಬಂದವ್ರೆ, ಏಳಪ್ಪಾ" ಎಂದು ಹಿರಿಯರೊಬ್ಬರು ಗದರಿದರು.

"ಎದ್ರೆ ಸಂಗೀತ ನಿಂತೋಯ್ತದೆ ಸಾ" ಎಂದ, ಕಮಾನು ಬಿಡದೆ.

ಅಪ್ಪಾಜಿ ವೇದಿಕೆಗೆ ಓಡಿ ಬಂದರು. ಒಂದು ಕಡೆ ಗುರುಗಳು, ಇನ್ನೊಂದು ಕಡೆ ಮಗಳಿಗೆ ಕೊಟ್ಟ ಮಾತು. ಒಂದು ಗಳಿಗೆ ಯೋಚಿಸಿ ಗಂಡಿನ ಕಡೆಯ ಹುಡುಗರಿಗೆ ಹೇಳಿದರು: "ಇವ್ನು ಏಳಕ್ಕಾಗಲ್ಲ ಅಂದ್ರೆ ನಾವೇ ಎಬ್ಬಿಸಾಣ. ಇಡ್ಕಳ್ರಲಾ."

ಕುರ್ಚಿಯ ಮೂರು ಕಾಲು ಹುಡುಗರು ಹಿಡಿದರು, ನಾಲ್ಕನೆಯದು ಅಪ್ಪಾಜಿ. ಆಸಾಮಿ ಚೆಲ್ಲೋವನ್ನು ಮಂಡಿಗಳಲ್ಲಿ ಅವುಚಿಕೊಂಡು, ನುಡಿಸುತ್ತಲೇ ಮೇಲೇರಿದ.

"ಈಗ ಬುದ್ಧೇರ್ಗಿಂತ ಮ್ಯಾಲವ್ನಲ್ಲಪ್ಪ" ಎಂದರು ಅದೇ ಹಿರಿಯರು.

"ಇಳಿಸಿದ್ರೆ ಕೂತಂಗಾಯ್ತದಲ್ಲ" ಎಂದರು ಅಪ್ಪಾಜಿ.

"ಅಂಗಾರೆ ಅರ್ಧ ಇಳಿಸಿ."

ಅರ್ಧ ಇಳಿಸಿದರು. ಸ್ವಾಮಿಗಳು ಕಾವಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದರು. ಕೊನೆಗೆ, "ಮುಗಿಸ್ಲಿ ಬಿಡ್ರಪ್ಪ. ಅಲ್ಲೀಗಂಟ ನಾವೂ ನಿಂತೇ ಕೇಳ್ತೀವಿ" ಎಂದರು.

ಅವರು ನಿಂತ ಮೇಲೆ ಕೂರುವವರಿಲ್ಲ, ಊಟದ ಮನೆಗೆ ನುಸುಳುವವರಿಲ್ಲ. ಅಡುಗೆಯವರೂ ಸೌಟು ಹಿಡಿದು ಬಾಗಿಲಲ್ಲಿ ನಿಂತರು. ನಾವು ಕೊನೆಯ ಸ್ವರ ನುಡಿಸಿದೆವು. ಅದರಾಚೆ ಏನು ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ. ಆ ಜಾಗಕ್ಕೆ ನಾವು ಎಂದೂ ಹೋಗಿರಲಿಲ್ಲ. ನಾಲ್ಕು ಕಮಾನುಗಳೂ ಗಾಳಿಯಲ್ಲಿ ನಿಂತಿದ್ದವು.

ಕುರ್ಚಿಯ ಬದಿಯಿಂದ ಏದುಸಿರಿನ ಧ್ವನಿ ಬಂತು: "ಮುಗೀತೇನವ್ವಾ?"

"ಮುಗೀತು ಅಪ್ಪಾಜಿ."

"ಪೂರ್ತಿಯಾಗಾ?"

"ಪೂರ್ತಿಯಾಗಿ."

ಅಪ್ಪಾಜಿ ಕುರ್ಚಿಯ ಕಾಲು ಬಿಡದೆ, ಬೆವರುತ್ತಿದ್ದ ಮುಖವನ್ನು ಸಭೆಯ ಕಡೆ ತಿರುಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ ಮಗಳು ಇಸ್ಕೂಲ್ ಕೆಲಸಕ್ಕೆ ಓಗಲ್ಲ. ಇದ್ನೇ ಮಾಡ್ತಾಳೆ. ಇವನನ್ನ ಇಳಿಸ್ತೀವಿ, ನೀವೆಲ್ಲ ಊಟಕ್ಕೆ ನಡೀರಿ."