ನಲವತ್ತೊಂದು ಕೆಮ್ಮು

ಇಷ್ಟಕ್ಕೆಲ್ಲ ಕಾರಣ ಒಂದು ಕೆಮ್ಮು. ಅದೂ ಕತ್ತರಿ ಕೆಮ್ಮಿದ್ದಲ್ಲ.

ಕತ್ತರಿ ಅನ್ನುವುದು ಆಫೀಸಿನವರು ಅವನಿಗಿಟ್ಟ ಹೆಸರು. ಧ್ವನಿಮುದ್ರಣ ಕಂಪನಿಯ ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಹಾಡುವವರು ನುಡಿಸುವವರು ಮಾಡಿದ ತಪ್ಪುಗಳನ್ನು ಕತ್ತರಿಸಿ ಎಸೆಯುವುದು ಅವನ ಕೆಲಸ. ತಾತ್ಕಾಲಿಕ ಕೆಲಸ. ಎರಡು ವರ್ಷದಿಂದಲೂ ತಾತ್ಕಾಲಿಕವೇ. ಸಿತಾರ್ ಪಂಡಿತರ ಕಛೇರಿಯ ಆಲ್ಬಮ್ ಹೊರಬಂದರೆ ಖಾಯಂ ಮಾಡುತ್ತೇನೆ ಎಂದು ಯಜಮಾನರು ಮಾತು ಕೊಟ್ಟಿದ್ದರು. ಆದೇಶ ಟೈಪಾಗಿ ಅವರ ಮೇಜಿನ ಮೇಲೆ ಬಿದ್ದಿತ್ತು. ಇವತ್ತು ನಾಲ್ಕು ಗಂಟೆಗೆ ಪಂಡಿತರು ಬಂದು, ಆಲ್ಬಮ್ ಕೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದೊಂದೇ ಬಾಕಿ.

ಕಛೇರಿಯ ಮೊದಲ ಸಾಲಿನಲ್ಲಿ ಯಾರೋ ಮಹಾನುಭಾವ ಕೂತು ಕೆಮ್ಮಿದ್ದ. ಒಣಕೆಮ್ಮು, ಎರಡೇ ಪೆಟ್ಟಿನದು. ಪಂಡಿತರು ತಂತಿಯನ್ನು ಎಳೆದು, ಸ್ವರವನ್ನು ಮೆಲ್ಲಗೆ ಜಾರಿಸಿ, ಇನ್ನೇನು ಸಭೆ ಉಸಿರು ಬಿಡಬೇಕು ಅನ್ನುವಾಗ ಸರಿಯಾಗಿ "ಖುಹು ಖುಹು". ಒಂದೂವರೆ ಗಂಟೆಯಲ್ಲಿ ನಲವತ್ತೊಂದು ಸಲ. "ಒಂದೂ ಇರಬಾರದು ಕಣಯ್ಯಾ," ಎಂದಿದ್ದರು ಯಜಮಾನರು. ಕತ್ತರಿ ಹನ್ನೊಂದು ದಿನ ಕೂತು, ತಂಬೂರಿಯ ಶ್ರುತಿಯಿಂದ ಚೂರು ಚೂರು ತಂದು, ಹರಿದ ಅಂಗಿಗೆ ತೇಪೆ ಹಾಕಿದಂತೆ ಹಾಕಿ, ನಲವತ್ತೊಂದನ್ನೂ ಮುಚ್ಚಿದ್ದ. ಮೂಲ ಮುದ್ರಣವನ್ನು ಅಳಿಸಿ ಆ ಜಾಗದಲ್ಲಿ ಸೋಪಿನ ಜಾಹೀರಾತು ತುಂಬಿಯೂ ಆಗಿತ್ತು. ಯಜಮಾನರಿಗೆ ಡಿಸ್ಕ್ ಖಾಲಿ ಬಿದ್ದಿದ್ದರೆ ನಿದ್ದೆ ಬಾರದು.

ಬೆಳಿಗ್ಗೆ ಹತ್ತಕ್ಕೆ ಫೋನ್ ಎತ್ತುವ ಅಕ್ಕ ಮಹಡಿ ಹತ್ತಿ ಓಡಿಬಂದಳು.

"ಲೋ ಕತ್ತರಿ, ಪಂಡಿತರ ಶಿಷ್ಯ ಫೋನ್ ಮಾಡಿದ್ದ. ಮೊದಲ ಸಾಲಿನ ಕೆಮ್ಮು ಚೆನ್ನಾಗಿ ಕೇಳಿಸುತ್ತಾ ಅಂತ."

"ಒಂದೂ ಇಲ್ಲ ಅನ್ನಬೇಕಿತ್ತು."

"ಅಂದೆ. ಕೆಮ್ಮಿಲ್ಲದಿದ್ರೆ ಸಹಿ ಇಲ್ಲ ಅಂತ ಹೇಳಿ ಇಟ್ಟುಬಿಟ್ಟ."

ಕತ್ತರಿ ಹೆಡ್‌ಫೋನ್ ತೆಗೆದು ಮತ್ತೊಮ್ಮೆ ಕೇಳಿದ. ಅಕ್ಕ ಮತ್ತೊಮ್ಮೆ ಹೇಳಿದಳು. ಎರಡನೇ ಸಲವೂ ಅದಕ್ಕೆ ಅರ್ಥ ಹುಟ್ಟಲಿಲ್ಲ.

ಯಜಮಾನರ ಹತ್ತಿರ ಹೋದರೆ ಅವರು ಕನ್ನಡಕ ಹಣೆಗೇರಿಸಿದರು. "ನಾನು ಸ್ವಚ್ಛ ಮಾಡು ಅಂದೆ. ಪೂರ್ತಿ ತೆಗಿ ಅಂದ್ನಾ?"

"ಒಂದೂ ಇರಬಾರದು ಅಂದ್ರಿ ಸಾರ್."

"ಮಾತಿಗೆ ಅಂದಿರ್ತೀನಿ. ನಾಲ್ಕು ಗಂಟೆಗೆ ಕೆಮ್ಮು ಇರಬೇಕು. ಎಲ್ಲಿಂದಾದ್ರೂ ತಾ." ಆದೇಶದ ಕಾಗದದ ಮೇಲೆ ಅವರು ಸುಮ್ಮನೆ ಕೈಯಿಟ್ಟರು. ಕತ್ತರಿಗೆ ಅಷ್ಟು ಸಾಕಾಯಿತು.

ಆದರೆ ಕೆಮ್ಮು ಯಾಕೆ ಬೇಕು? ಅಕ್ಕನ ಪ್ರಕಾರ ಕೆಮ್ಮಿದವರು ಪಂಡಿತರ ಗುರುಗಳು, ಈಗ ಬದುಕಿಲ್ಲ, ಉಳಿದಿರುವುದು ಕೆಮ್ಮೊಂದೇ. ಯಜಮಾನರ ಪ್ರಕಾರ ಕೆಮ್ಮಿದರೆ ತಾನೇ ಜನ ಬಂದಿದ್ದರು ಅನ್ನುವುದಕ್ಕೆ ಸಾಕ್ಷಿ. ಕತ್ತರಿಗೆ ಎರಡೂ ಸರಿ ಕಂಡವು, ಎರಡೂ ತಪ್ಪು ಕಂಡವು.

ಮೊದಲು ಅಕ್ಕ ಮೈಕಿನ ಮುಂದೆ ನಿಂತಳು. ಅವಳ ಕೆಮ್ಮು ಬೆಕ್ಕಿನ ಮರಿ ಸೀನಿದಂತಿತ್ತು. ಯಜಮಾನರು ಕೆಮ್ಮಿದರು, ಅದರಲ್ಲಿ ಯಾರನ್ನೋ ಕೆಲಸದಿಂದ ತೆಗೆಯುವ ಧಾಟಿಯಿತ್ತು. ಕತ್ತರಿಯೇ ಕೆಮ್ಮಲು ಹೋದರೆ ಬಿಕ್ಕಳಿಕೆ ಶುರುವಾಗಿ ಅರ್ಧ ಗಂಟೆ ಹಾಳಾಯಿತು.

"ಗೇಟಿನ ತಾತ ಇದಾನಲ್ಲೋ!" ಎಂದಳು ಅಕ್ಕ. "ದಿನವಿಡೀ ಬೀಡಿ ಸೇದಿ ಕೆಮ್ಮೋನು!"

ಕಾವಲುಗಾರ ತಾತನನ್ನು ಕರೆತಂದರು. ಮುದ್ರಣದ ಕೆಂಪು ದೀಪ ಹತ್ತಿತು. ಇಪ್ಪತ್ತು ವರ್ಷದಿಂದ ಬಿಡದೆ ಕೆಮ್ಮುತ್ತಿದ್ದ ತಾತ ಮೈಕಿನ ಮುಂದೆ ಮದುವೆ ಫೋಟೋಗೆ ನಿಂತವನಂತೆ ಸೆಟೆದು ನಿಂತ.

"ಕೆಮ್ಮು ತಾತ."

"ಬರ್ತಿಲ್ಲ ಮಗಾ. ಎದೆ ಹಗುರಾಗಿದೆ ಇವತ್ತು."

ದೀಪ ಆರಿಸಿದರೆ ಕೆಮ್ಮಿದ. ಹತ್ತಿಸಿದರೆ ಗಪ್‌ಚಿಪ್. ಕೊನೆಗೆ ಅಕ್ಕ ತಲೆ ಓಡಿಸಿ, ಬಾಗಿಲಿನ ಧೂಳು ಹಿಡಿದ ಹಳೇ ಪರದೆಯನ್ನು ಅವನ ಮುಖದ ಮುಂದೆ ಕೊಡವಿದಳು. ತಾತನ ಜೊತೆ ಎಲ್ಲರೂ ಕೆಮ್ಮಿದರು. ಆ ಗದ್ದಲದಲ್ಲಿ ತಾತನದೇ ಒಂದು ಕೆಮ್ಮನ್ನು ಕತ್ತರಿ ಹೆಕ್ಕಿ ತೆಗೆದ. ಕಫದ ಕೆಮ್ಮು, ಗಾಡಿ ಜಲ್ಲಿ ಸುರಿದಂತೆ. ಹೊತ್ತು ಮೂರಾಗಿತ್ತು.

ಈಗ ಎಲ್ಲೆಲ್ಲಿ ಇಡುವುದು? ನಲವತ್ತೊಂದು ಜಾಗಗಳಲ್ಲಿ ಕತ್ತರಿಗೆ ಆರು ನೆನಪಿದ್ದವು. ಅವನ ತೇಪೆ ಅಷ್ಟು ಚೆನ್ನಾಗಿತ್ತು, ಅವನಿಗೇ ಸಿಗಲಿಲ್ಲ. ಅಕ್ಕ ಇಂಪಾದ ಕಡೆಯೆಲ್ಲ ಬೆರಳು ತೋರಿಸಿದಳು. ಯಜಮಾನರು ತಬಲಾ ಜೋರಾದ ಕಡೆ ಇಡು, ಯಾರಿಗೂ ತಿಳಿಯಲ್ಲ ಎಂದರು. "ತಿಳೀಬೇಕು ಅಂತಲೇ ಅಲ್ವಾ ಸಾರ್ ಇಡೋದು?" ಎಂದ ಕತ್ತರಿ. ಕೊನೆಗೆ ಅವನು ಕಣ್ಣು ಮುಚ್ಚಿ ಬೀಜ ಎರಚುವವನಂತೆ ಕೆಮ್ಮು ಎರಚಿದ.

ನಾಲ್ಕಕ್ಕೆ ಪಂಡಿತರು ಬಂದರು. ಜೊತೆಗೆ ಮಫ್ಲರ್ ಸುತ್ತಿದ ಒಬ್ಬ ಸಣಕಲ. ಇಬ್ಬರೂ ಸೋಫಾದ ಎರಡು ತುದಿಗೆ, ನಡುವೆ ಬೇಲಿಯಿದ್ದಂತೆ ಕೂತರು.

"ಇವನು ನನ್ನ ಭಾವಮೈದುನ," ಎಂದರು ಪಂಡಿತರು. "ಹಾಕ್ರಿ."

ಸಿತಾರ್ ಎದ್ದಿತು. ಮೂರನೇ ನಿಮಿಷಕ್ಕೆ ಕೆಮ್ಮು ಬಂತು. ಪಂಡಿತರು ತೊಡೆ ತಟ್ಟಿದರು.

"ಕೇಳಿದ್ಯೇನೋ! ನನ್ನ ಕಛೇರಿ ಕೆಡಿಸಲಿಕ್ಕೇ ನೀನು ಮೊದಲ ಸಾಲಲ್ಲಿ ಕೂತು ಕೆಮ್ಮಿದೆ. ನಾನು ಕೆಮ್ಮಲೇ ಇಲ್ಲ ಅಂತ ನನ್ನ ಹೆಂಡತಿ, ನಿನ್ನಕ್ಕನ ಹತ್ರ ಆಣೆ ಹಾಕಿದೆ. ಅವಳು ನಿನ್ನ ಮಾತು ನಂಬಿ ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ. ಈಗ ಲೋಕವೇ ಕೇಳುತ್ತೆ!"

ಕತ್ತರಿ ಧ್ವನಿಯ ಗುಂಡಿಯನ್ನು ಮೆಲ್ಲಗೆ ತಗ್ಗಿಸಿದ.

"ಭಾವಾ, ಇದು ನನ್ನ ಕೆಮ್ಮಲ್ಲ," ಎಂದ ಸಣಕಲ. ಅವನ ಮುಖದಲ್ಲಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಿತ್ತು. "ದೇವರಾಣೆ ಅಲ್ಲ. ನನಗೆ ಇಷ್ಟು ಕಫ ಎಲ್ಲಿದೆ?"

ಅಷ್ಟರಲ್ಲಿ, ತನ್ನ ಧ್ವನಿ ಪೆಟ್ಟಿಗೆಯಲ್ಲಿ ಹೇಗೆ ಬಂದಿದೆ ನೋಡೋಣ ಎಂದು ಬಾಗಿಲಿಗೆ ಬಂದು ನಿಂತಿದ್ದ ತಾತ ಕೆಮ್ಮಿದ. ಗಾಡಿ ಜಲ್ಲಿ ಸುರಿಯಿತು. ಪಂಡಿತರು ತಿರುಗಿದರು. ಸ್ವರದ ಕೂದಲೆಳೆಯನ್ನು ಅಳೆಯುವ ಕಿವಿ ಅದು.

"ಅವತ್ತು ಮೊದಲ ಸಾಲಲ್ಲಿ ಕೂತಿದ್ದೋನು ನೀನಾ?"

ತಾತ ಯಜಮಾನರನ್ನು ನೋಡಿದ. ಯಜಮಾನರು ಹೌದನ್ನು ಎಂಬಂತೆ ರೆಪ್ಪೆ ಬಡಿದರು.

"ಹೌದು ಸ್ವಾಮಿ. ಕುರ್ಚಿ ಖಾಲಿ ಇತ್ತು."

"ನನ್ನ ಪಕ್ಕದಲ್ಲೇ ಇದ್ದ!" ಎಂದು ಭಾವಮೈದುನ ಎದ್ದೇ ನಿಂತ. "ಬೀಡಿ ವಾಸನೆ ತಡೆಯೋಕಾಗ್ದೆ ನಾನು ಮಫ್ಲರ್ ಮುಚ್ಕೊಂಡಿದ್ದೆ ಭಾವಾ!"

ಅದು ಶುದ್ಧ ಸುಳ್ಳೆಂದು ಕೋಣೆಯಲ್ಲಿ ಪಂಡಿತರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಪಂಡಿತರು ಎದ್ದು ಭಾವಮೈದುನನ ಎರಡೂ ಕೈ ಹಿಡಿದರು. "ತಪ್ಪಾಯ್ತು ಕಣೋ. ನಡಿ, ನಿನ್ನಕ್ಕನ ಮುಂದೇನೇ ಹೇಳ್ತೀನಿ."

ಯಜಮಾನರು ಹಲ್ಲು ಕಿರಿದು ಒಪ್ಪಿಗೆ ಪತ್ರ ಮುಂದೆ ಹಿಡಿದರು. ಕತ್ತರಿ ತನ್ನದೇ ಪೆನ್ನು ಕೊಟ್ಟ.

"ಇನ್ನು ಈ ಆಲ್ಬಮ್ ಯಾಕ್ರೀ?" ಎಂದರು ಪಂಡಿತರು. "ಅವತ್ತು ಕೆಟ್ಟದಾಗಿ ನುಡಿಸಿದ್ದೆ. ಇವನ ಕೆಮ್ಮು ಜನ ಕೇಳಲಿ ಅಂತ ತರೋಕೆ ಹೊರಟಿದ್ದೆ. ಅದು ಇವನದಲ್ಲ ಅಂದ ಮೇಲೆ ಅದರಲ್ಲೇನಿದೆ? ಅಳಿಸಿಬಿಡಿ. ಮುಂದಿನ ತಿಂಗಳು ಇನ್ನೊಂದು ಕಛೇರಿ ಇದೆ, ಅದನ್ನ ಮಾಡಿ. ಮೊದಲ ಸಾಲಲ್ಲಿ ಇವನೇ ಕೂರ್ತಾನೆ, ಮರ್ಯಾದೆಯಿಂದ."

ಆದೇಶದ ಕಾಗದ ಮೇಜಿನ ಖಾನೆಯೊಳಗೆ ಹೋಯಿತು. "ಆ ಆಲ್ಬಮ್ ಬರಲಿ, ಖಾಯಂ ಮಾತು ಆಮೇಲೆ ಆಡೋಣ," ಎಂದರು ಯಜಮಾನರು.

ಪಂಡಿತರು ಮೆಟ್ಟಿಲಿಳಿದರು. ಭಾವಮೈದುನ ಒಂದು ಹೆಜ್ಜೆ ಹಿಂದೆ ಉಳಿದು, ಕತ್ತರಿಯ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದ ಕೇಳಿದ:

"ಮುಂದಿನ ಕಛೇರೀಲಿ ಮೈಕು ಎಡಕ್ಕೆ ಇಡ್ತೀರೋ, ಬಲಕ್ಕೋ?"