ಆಷಾಢದ ಗಾಳಿ, ಶ್ರಾವಣದ ಮುಹೂರ್ತ

"ಮುಂದಿನ ವರಮಹಾಲಕ್ಷ್ಮಿಗೆ ಈ ಮನೆ ಗ್ರೈಂಡರ್ ಕರೆಂಟಲ್ಲಿ ತಿರುಗಲ್ಲ, ಗಾಳಿಯಲ್ಲಿ ತಿರುಗುತ್ತೆ! ತಿರುಗದೇ ಹೋದ್ರೆ ಒರಳುಕಲ್ಲಿನ ಮುಂದೆ ನಾನೇ ಕೂತು ಹೂರಣ ರುಬ್ತೀನಿ! ಇದು ಗುಂಡಣ್ಣನ ಮಾತು!"

ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಗುಂಡಣ್ಣ ಜಕ್ಕೂರಿನ ತನ್ನ ಮನೆಯ ಹಾಲಿನಲ್ಲಿ ಸಾವಧಾನ್ ಭಂಗಿಯಲ್ಲಿ ನಿಂತು ಈ ಘೋರ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ಪುಟ್ಟಲಕ್ಷ್ಮಿ, ಮತ್ತೆ ಅವಳ ತಮ್ಮ, ಆರ್.ಟಿ. ನಗರದ ಬಾಲರಾಜ್. ಪುಟ್ಟಲಕ್ಷ್ಮಿ ನಗಲಿಲ್ಲ. ಬಾಲರಾಜ್ ಅಕ್ಕನ ಪಾಲಿನದ್ದನ್ನೂ ಸೇರಿಸಿ ನಕ್ಕ.

ಪ್ರತಿಜ್ಞೆ ಸುಮ್ಮನೆ ಹುಟ್ಟಿದ್ದಲ್ಲ. ಅದು 2014. ಹಿಂದಿನ ಶುಕ್ರವಾರವಷ್ಟೇ ವರಮಹಾಲಕ್ಷ್ಮಿ ಹಬ್ಬ. ನಲವತ್ತು ಮುತ್ತೈದೆಯರಿಗೆ ಒಬ್ಬಟ್ಟು ಹಾಕುತ್ತೇನೆಂದು ಪುಟ್ಟಲಕ್ಷ್ಮಿ ಬೆಳಿಗ್ಗೆ ಮಡಿಯುಟ್ಟು, ಬೇಳೆ ಬೇಯಿಸಿ, ಬೆಲ್ಲ ಸೇರಿಸಿ ಗ್ರೈಂಡರಿಗೆ ಹಾಕಿದ್ದಳು. ಅದು ಎರಡು ಸುತ್ತು ತಿರುಗಿತು, ಕರೆಂಟ್ ಹೋಯಿತು! ಒಂದು ಗಂಟೆ ಕಾದಳು, ಎರಡು ಗಂಟೆ ಕಾದಳು. ಕೊನೆಗೆ ಹೂರಣದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಟೋದಲ್ಲಿ ಹೆಬ್ಬಾಳದ ಟ್ರಾಫಿಕ್ ದಾಟಿ, ತಮ್ಮನ ಮನೆಯ ಯುಪಿಎಸ್‌ನಲ್ಲಿ ರುಬ್ಬಿಸಿಕೊಂಡು ಬರುವಷ್ಟರಲ್ಲಿ ಮುತ್ತೈದೆಯರು ಕಾದು ಕಾದು, ಕುಂಕುಮ ತಾವೇ ಹಚ್ಚಿಕೊಂಡು ಮನೆ ಸೇರಿದ್ದರು. ಅವತ್ತು ಅವಳು ದೇವಿಯ ಮುಂದೆ ಕೂತು ಅತ್ತಿದ್ದನ್ನು ಗುಂಡಣ್ಣ ಬಾಗಿಲ ಸಂದಿಯಿಂದ ನೋಡಿದ್ದ.

"ಭಾವ, ನೀವೂ ಒಂದು ಯುಪಿಎಸ್ ಹಾಕಿಸ್ಕೊಳ್ರೀ, ಮುಗೀತು," ಅಂದ ಬಾಲರಾಜ್.

"ಯುಪಿಎಸ್ ಅಂದ್ರೆ ಏನಯ್ಯಾ? ಅವರ ಕರೆಂಟನ್ನೇ ಜಾಡೀಲಿ ಉಪ್ಪಿನಕಾಯಿ ಹಾಕಿಡೋದು! ನಂದು ಹಾಗಲ್ಲ. ವಾಯುದೇವರಿಂದ ನೇರ ಸಪ್ಲೈ!"

ವಾಯುದೇವರ ಮೇಲೆ ಅವನಿಗೆ ಇಷ್ಟು ಭರವಸೆ ಬರಲು ಕಾರಣವಿತ್ತು. ಆಷಾಢ ಬಂತೆಂದರೆ ಅವನ ತಾರಸಿಯಲ್ಲಿ ಒಣಗಿಹಾಕಿದ ಪಂಚೆ ಎರಡು ಮನೆಯಾಚೆ ಗೌರಮ್ಮನ ನುಗ್ಗೆಮರದಲ್ಲಿ ಸಿಗುತ್ತಿತ್ತು. ಬೆಳಗಿನ ವಾಕಿಂಗಿನಲ್ಲಿ ಊರಿನ ಸಣ್ಣ ವಿಮಾನಗಳ ಏರೋಡ್ರೋಮ್ ಬೇಲಿಯಾಚೆ ನೋಡಿದರೆ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ ಹೊಟ್ಟೆ ತುಂಬಿಸಿಕೊಂಡು ನೆಟ್ಟಗೆ ನಿಂತಿರುತ್ತಿತ್ತು. ಇಷ್ಟೊಂದು ಗಾಳಿ ಪುಕ್ಕಟೆ ಪೋಲಾಗುತ್ತಿರುವಾಗ ಒಬ್ಬಟ್ಟಿಗೆ ಕೊರತೆಯೇ? ಛೆ!

ಯಶವಂತಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ತಾಜುದ್ದೀನ್ ಹಳೇ ಮೋಟಾರು ತಿದ್ದಿ, ಪೈಪು ಸೀಳಿ ಮೂರು ರೆಕ್ಕೆ ಮಾಡಿ, ವರ್ಷ ತುಂಬುವುದರೊಳಗೆ ಗಾಳಿಯಂತ್ರ ತಯಾರು ಮಾಡಿಕೊಟ್ಟ. ಪಾಪ, ಒಂದೇ ಒಂದು ಅನುಮಾನ ಎತ್ತಿದ.

"ಸಾರ್, ಬ್ಯಾಟ್ರಿ ಒಂದು ಇಟ್ಕೊಂಡ್ರೆ ಒಳ್ಳೇದು."

"ಬ್ಯಾಟರಿ ಇಟ್ರೆ ನನಗೂ ಬಾಲರಾಜಂಗೂ ಏನ್ರೀ ವ್ಯತ್ಯಾಸ?"

"ಗಾಳಿ ನಿಂತ್ರೆ ಏನ್ ಮಾಡ್ತೀರಾ ಸಾರ್?"

"ಜಕ್ಕೂರಿನ ಗಾಳಿ ನಿಲ್ಲೋದಾ? ಅದು ನಿಂತ್ರೆ ನನ್ನ ವಿಜಲ್ ಕೇಳಿ ಗೌರವಕ್ಕೆ ನಿಲ್ಲಬೇಕು, ಅಷ್ಟೇ!"

ತಾಜುದ್ದೀನ್ ಬುದ್ಧಿವಂತ, ಸ್ಪ್ಯಾನರ್ ಕೈಗೆತ್ತಿಕೊಂಡ. ತಾರಸಿಯಲ್ಲಿ ಕಂಬ ನಿಲ್ಲಿಸಿದ. ಕಂಬದ ತಂತಿಗಳನ್ನು ಎಳೆದು ಹಿಡಿಯಲು ಭಾರ ಬೇಕೆಂದಾಗ ಗುಂಡಣ್ಣನಿಗೆ ಹಿತ್ತಲಿನ ಒರಳುಕಲ್ಲು ನೆನಪಾಯಿತು. ಆರು ಜನ ಏದುಸಿರು ಬಿಡುತ್ತಾ ಅದನ್ನು ಮೆಟ್ಟಿಲೇರಿಸಿದರು. ಒಂದು ತಂತಿ ಒರಳಿಗೆ, ಇನ್ನೊಂದು ಗುಂಡುಕಲ್ಲಿಗೆ.

"ಪುಟ್ಟೂ, ನೋಡ್ಕೋ! ಈ ಕಲ್ಲಿಗೆ ಇನ್ಮೇಲೆ ಇದೇ ಉದ್ಯೋಗ. ರುಬ್ಬೋ ಕಾಲ ಮುಗೀತು!"

"ಸರಿ. ಆದ್ರೆ ಇವತ್ತು ಶುರು ಮಾಡಂಗಿಲ್ಲ," ಅಂದಳು ಪುಟ್ಟಲಕ್ಷ್ಮಿ.

"ಯಾಕೆ?"

"ಆಷಾಢ ಕಣ್ರೀ."

ಗುಂಡಣ್ಣ ಕೈಯಲ್ಲಿದ್ದ ವಿಜಲ್ ಕೆಳಗೆ ಬಿಟ್ಟ. ತಲೆಯ ಮೇಲೆ ಗಾಳಿ ಊಳಿಡುತ್ತಿತ್ತು. ರೆಕ್ಕೆಗಳು ತಿರುಗಲು ಹಟ ಹಿಡಿದಿದ್ದವು.

"ಗಾಳಿ ಬರೋದೇ ಆಷಾಢದಲ್ಲಿ ಮಾರಾಯ್ತಿ!"

"ತೊಂಬತ್ತೆಂಟರಲ್ಲಿ ಆಷಾಢದಲ್ಲೇ ಸ್ಕೂಟರ್ ತಂದ್ರಿ. ಮೂರನೇ ದಿನ ಹೆಬ್ಬಾಳದ ಹತ್ರ ಸ್ಕೂಟರ್ ಒಂದ್ ಕಡೆ, ನೀವೊಂದ್ ಕಡೆ! ಮರೆತ್ರಾ? ಇದು ದೇವಿ ನೈವೇದ್ಯದ ವಿಷ್ಯ. ಶ್ರಾವಣ ಬಂದು, ಹಬ್ಬದ ಬೆಳಿಗ್ಗೆ ಮುಹೂರ್ತ ಆಗೋವರೆಗೂ ಇದು ತಿರುಗಬಾರದು."

ಅಂದವಳೇ ಅರಿಶಿನ ಹಚ್ಚಿದ ಹಗ್ಗ ತಂದು ಮೂರೂ ರೆಕ್ಕೆ ಸೇರಿಸಿ ಕಂಬಕ್ಕೆ ಬಿಗಿದೇ ಬಿಟ್ಟಳು. ಗುಂಡಣ್ಣ ವಾದ ಮಾಡಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ, ಸ್ಕೂಟರಿನ ಮಾತು ಎತ್ತಿದ ಕೂಡಲೇ ಅವನ ಎಡ ಮಂಡಿ ತಾನಾಗಿಯೇ ಚುಳ್ ಅಂದಿತ್ತು. ಹೋಗಲಿ, ಒಂದು ತಿಂಗಳು ತಾನೇ!

ಒಂದು ತಿಂಗಳಲ್ಲ ಸ್ವಾಮೀ! ಆ ವರ್ಷ ಅಧಿಕ ಮಾಸ ಬಂದಿತ್ತು, ಅದೂ ಅಧಿಕ ಆಷಾಢ! ಅದು ಮುಗಿದರೆ ನಿಜ ಆಷಾಢ. ಎರಡು ತಿಂಗಳು ಗಾಳಿ ಹುಚ್ಚೆದ್ದು ಬೀಸಿತು. ಪಂಚೆಗಳು ನುಗ್ಗೆಮರಕ್ಕೆ ಹಾರಿದವು, ಗೌರಮ್ಮನ ಮನೆಯ ಶೀಟು ಹಾರಿತು, ಶಾಲೆಯ ಬಾವುಟದ ಹಗ್ಗ ಹರಿಯಿತು. ಜಕ್ಕೂರಿನಲ್ಲಿ ಅಲ್ಲಾಡದೆ ನಿಂತಿದ್ದ ವಸ್ತು ಒಂದೇ ಒಂದು, ಗುಂಡಣ್ಣನ ಗಾಳಿಯಂತ್ರ. ದಿನಾ ಸಂಜೆ ಅದರ ಕೆಳಗೆ ಕೈಕಟ್ಟಿ ನಿಂತು, "ಇರು, ನಿಂಗೂ ಶ್ರಾವಣ ಬರುತ್ತೆ," ಎಂದು ಸಮಾಧಾನ ಹೇಳುತ್ತಿದ್ದ.

ಶ್ರಾವಣ ಬಂತು. ಗಾಳಿ ಹೋಯಿತು!

ಹೋಯಿತು ಅಂದರೆ ಹೇಳದೆ ಕೇಳದೆ ಹೋಯಿತು. ಏರೋಡ್ರೋಮಿನ ಗಾಳಿಚೀಲ ಕಂಬಕ್ಕೆ ಅಂಟಿಕೊಂಡು, ಒಗೆದು ಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಗುಂಡಣ್ಣ ಬೆಳಿಗ್ಗೆ ನೋಡಿದ, ಸಂಜೆ ನೋಡಿದ. ಬೆರಳಿಗೆ ಎಂಜಲು ಹಚ್ಚಿ ಮೇಲೆತ್ತಿ ನೋಡಿದ. ಬೆರಳು ಒಣಗಿತೇ ಹೊರತು ಎಲ್ಲೂ ತಣ್ಣಗಾಗಲಿಲ್ಲ. ಆದರೂ ಎದೆಗುಂದಲಿಲ್ಲ. ಡ್ರಿಲ್ ಮೇಷ್ಟ್ರು ಎದೆಗುಂದಿದರೆ ಸಾಲು ಸೊಟ್ಟಗಾಗುತ್ತದೆ ಎಂಬುದು ಅವನ ಸಿದ್ಧಾಂತ.

ಹಬ್ಬದ ಹಿಂದಿನ ದಿನ ಮಾತ್ರ ಸೋಲು ಒಪ್ಪಿಕೊಂಡುಬಿಡೋಣ ಎಂದು ಅಡುಗೆಮನೆಯ ಕಡೆ ಹೊರಟ. ಒಳಗೆ ಪುಟ್ಟಲಕ್ಷ್ಮಿ ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದಳು.

"ನಗಬೇಡ ಕಣೋ ಬಾಲು. ಈ ಸಲ ಅವರು ನಂಗೋಸ್ಕರ ಒಂದು ವರ್ಷ ಒದ್ದಾಡಿದ್ದಾರೆ. ಮಾಡೇ ಮಾಡ್ತಾರೆ. ನಂಗೆ ನಂಬಿಕೆ ಇದೆ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗುಂಡಣ್ಣನ ಯಾವ ಯೋಜನೆಗೂ ಈ ಸರ್ಟಿಫಿಕೇಟ್ ಸಿಕ್ಕಿರಲಿಲ್ಲ. ಅಂಥವಳಿಗೆ "ಗಾಳಿ ಇಲ್ಲ ಕಣೇ" ಎಂದು ಹೇಗೆ ಹೇಳುವುದು? ಸದ್ದಿಲ್ಲದೆ ಹಿಂದಕ್ಕೆ ತಿರುಗಿದ. ತಿರುಗಿದವನ ಕಣ್ಣಿಗೆ ಬಿದ್ದದ್ದು ಹಾಲಿನ ಮೂಲೆಯಲ್ಲಿ ನಿಂತಿದ್ದ ಪೆಡೆಸ್ಟಲ್ ಫ್ಯಾನು!

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕಾರ್ಯಾಚರಣೆ ನಡೆಯಿತು. ಫ್ಯಾನು ತಾರಸಿಯ ನೀರಿನ ಟ್ಯಾಂಕಿನ ಮೇಲೆ ಏರಿತು. ಬೀದಿಯವರಿಗೆ ಕಾಣದಂತೆ ಆ ಬದಿಗೊಂದು ಹಳೇ ಸೀರೆ ಇಳಿಬಿಟ್ಟ. ಗ್ರೈಂಡರಿನ ಪಕ್ಕ ತಾಜುದ್ದೀನ್ ಎರಡು ಸ್ವಿಚ್ಚು ಕೂರಿಸಿದ್ದ, ಒಂದಕ್ಕೆ 'ಕರೆಂಟು', ಇನ್ನೊಂದಕ್ಕೆ 'ಗಾಳಿ' ಎಂದು ಬರೆದಿತ್ತು. ಗುಂಡಣ್ಣ ಬೋರ್ಡಿನ ಹಿಂದೆ ವೈರು ಬದಲಿಸಿ 'ಗಾಳಿ'ಗೂ ಕರೆಂಟನ್ನೇ ಕೊಟ್ಟ. ಪೇಪರಿನ ವೇಳಾಪಟ್ಟಿ ನೋಡಿದ. ಜಕ್ಕೂರಿಗೆ ವಿದ್ಯುತ್ ಕಡಿತ ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಒಬ್ಬಟ್ಟು ಹೊಟ್ಟೆ ಸೇರಿರುತ್ತದೆ! ಹೆಂಡತಿಗೆ ಸುಳ್ಳು ಹೇಳುತ್ತಿದ್ದೇನೆಂದು ಮನಸ್ಸು ಚುಚ್ಚಿತು. ಇದು ಸುಳ್ಳಲ್ಲ, ಗಾಳಿ ಬರುವವರೆಗಿನ ಬದಲಿ ವ್ಯವಸ್ಥೆ ಎಂದು ಮನಸ್ಸಿಗೆ ಗದರಿದ.

ಎಂಟೂವರೆಗೆ ಮುತ್ತೈದೆಯರು ಬೀದಿಯಲ್ಲಿ ಕತ್ತೆತ್ತಿ ನಿಂತರು. ಬಾಲರಾಜ್ ಕೂಡ ಬಂದಿದ್ದ. ಗುಂಡಣ್ಣ ಮೇಲಿಂದ ವಿಜಲ್ ಊದಿ, ಅರಿಶಿನದ ಹಗ್ಗ ಬಿಚ್ಚಿ, ನೆಲದ ಮೇಲಿಟ್ಟಿದ್ದ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಫ್ಯಾನಿನ ಸ್ವಿಚ್ಚನ್ನು ಕಾಲಲ್ಲೇ ಅದುಮಿದ. ರೆಕ್ಕೆಗಳು ಗಿರ್ರನೆ ತಿರುಗಿದವು! ಬೀದಿಯೆಲ್ಲ ಚಪ್ಪಾಳೆ!

ಅವನು ಕೆಳಗಿಳಿದು ಬರುತ್ತಿದ್ದಂತೆ ಗೌರಮ್ಮ ಅಡ್ಡ ಬಂದಳು. "ಅಲ್ಲ ಮೇಷ್ಟ್ರೇ, ನಮ್ಮನೆ ತೆಂಗಿನ ಗರಿ ಒಂದೂ ಅಲ್ಲಾಡ್ತಿಲ್ಲ. ನಿಮ್ದು ಅದೆಂಗೆ ಇಂಗೆ ತಿರುಗ್ತದೆ?"

"ಗೌರಮ್ಮನೋರೇ, ಗಾಳಿಯಲ್ಲಿ ಎರಡು ಥರ. ಮೇಲ್ಗಾಳಿ, ಕೆಳಗಾಳಿ. ನಿಮ್ಮ ಗರಿಗೆ ಸಿಗೋದು ಕೆಳಗಾಳಿ."

"ಓಹೋ," ಅಂದಳು ಗೌರಮ್ಮ. ಬಾಲರಾಜ್ ಮಾತ್ರ ತಾರಸಿಯನ್ನೂ ತೆಂಗಿನಮರವನ್ನೂ ಎರಡೆರಡು ಸಲ ನೋಡಿದ.

ಅಡುಗೆಮನೆಯಲ್ಲಿ ಪುಟ್ಟಲಕ್ಷ್ಮಿ ಕೈ ಮುಗಿದು 'ಗಾಳಿ' ಸ್ವಿಚ್ಚು ಒತ್ತಿದಳು. ಗ್ರೈಂಡರು ಗುಂಯ್ ಎಂದಿತು. ಹೂರಣ ಮಗುಚಿಕೊಳ್ಳತೊಡಗಿತು. ಅವಳು ತಿರುಗಿ ಗಂಡನ ಮುಖ ನೋಡಿದಳು, ಕಣ್ಣಲ್ಲಿ ನೀರು.

"ರೀ... ಕೊನೆಗೂ ಮಾಡಿದ್ರಿ."

ಗುಂಡಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಬಿಡೋಣ ಎಂದು ಬಾಯಿ ತೆರೆದ. "ಪುಟ್ಟೂ, ಒಂದ್ ವಿಷ್ಯ..."

ಟಪ್!

ಗ್ರೈಂಡರು ನಿಂತಿತು. ದೇವರ ಮನೆಯ ಸೀರಿಯಲ್ ಲೈಟು ಆರಿತು. ಬೀದಿಯಿಂದ ನಲವತ್ತು ಕಂಠಗಳು ಒಟ್ಟಿಗೆ ಕೂಗಿದವು: "ಅಯ್ಯೋ, ಮೇಲಿಂದೂ ನಿಂತೋಯ್ತು!"

ವೇಳಾಪಟ್ಟಿಯಲ್ಲಿ ಮೂರು ಗಂಟೆಗೆ ಹೋಗಬೇಕಿದ್ದ ಕರೆಂಟು ಒಂಬತ್ತಕ್ಕೇ ಹೋಗಿತ್ತು. ಬಾಲರಾಜ್ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ಇಳಿದು ಬರುವಾಗ ಅವನ ಕಂಕುಳಲ್ಲಿ ಪೆಡೆಸ್ಟಲ್ ಫ್ಯಾನಿತ್ತು. ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಬಹಳ ವಿನಯದಿಂದ ಕೇಳಿದ.

"ಭಾವ, ಒಂದ್ ಡೌಟು. ಕರೆಂಟ್ ಹೋದ್ರೆ ಗಾಳಿನೂ ಹೋಗುತ್ತಾ?"

ಗುಂಡಣ್ಣ ತಲೆ ತಗ್ಗಿಸಿದ. ಪುಟ್ಟಲಕ್ಷ್ಮಿ ಫ್ಯಾನು ನೋಡಿದಳು, ಬೋರ್ಡು ನೋಡಿದಳು, ಅರ್ಧ ರುಬ್ಬಿದ ಹೂರಣ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

"ಅಕ್ಕಾ, ಆಟೋ ಕರೀಲಾ? ನಮ್ಮನೇಲಿ ಯುಪಿಎಸ್ ಇದೆ," ಅಂದ ಬಾಲರಾಜ್.

"ಬೇಡ," ಅಂದಳು ಪುಟ್ಟಲಕ್ಷ್ಮಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮೇಷ್ಟ್ರೇ, ನಮ್ಮ ಒರಳುಕಲ್ಲು ಎಲ್ಲಿದೆ?"

"ತಾರಸಿ ಮೇಲೆ."

"ಸ್ನಾನ ಮಾಡಿ, ಮಡಿ ಪಂಚೆ ಉಟ್ಕೊಂಡು ನಡೀರಿ."

ತಾರಸಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಒರಳು ತೊಳೆದರು. ಗುಂಡುಕಲ್ಲಿನ ತಂತಿ ಬಿಚ್ಚಿದ ಕೂಡಲೇ ಕಂಬ ಒಂದು ಕಡೆ ವಾಲಿ, ಗಾಳಿಯಂತ್ರ ಗುಂಡಣ್ಣನ ನೆತ್ತಿಯ ಮೇಲೆ ಬಗ್ಗಿ ನೋಡಿತು. ಅವನು ಕಾಲು ಚಾಚಿ ಕೂತು ರುಬ್ಬತೊಡಗಿದ. ಮುತ್ತೈದೆಯರು ಒಬ್ಬೊಬ್ಬರಾಗಿ ಮೇಲೆ ಬಂದು ಸುತ್ತ ಕೂತು, ಹೊತ್ತು ಹೋಗಲೆಂದು ಆರತಿ ಹಾಡು ಶುರು ಮಾಡಿದರು. ಹತ್ತು ಸುತ್ತಿಗೆ ರಟ್ಟೆ ಬಿದ್ದುಹೋಯಿತು. ಇಪ್ಪತ್ತಕ್ಕೆ ಬೆವರು ಮೂಗಿನ ತುದಿಗೆ ಬಂತು.

"ಪುಟ್ಟೂ," ಅಂದ ಮೆಲ್ಲಗೆ. "ಈ ಸಲಾನೂ ನೀನು ಅಳಬಾರ್ದು ಅಂತ ಹಾಗೆ ಮಾಡ್ಬಿಟ್ಟೆ ಕಣೇ. ತಪ್ಪಾಯ್ತು."

"ಗೊತ್ತು. ನಾನು ಅತ್ತಿದ್ದು ಒಬ್ಬಟ್ಟು ಆಗ್ಲಿಲ್ಲ ಅಂತ, ಗಾಳಿ ಬರ್ಲಿಲ್ಲ ಅಂತಲ್ಲ. ಈ ಸಲ ಆಗುತ್ತೆ. ಬೆವರು ಒಳಗೆ ಬೀಳ್ದಂಗೆ ನೋಡ್ಕೊಳ್ಳಿ."

ಗುಂಡಣ್ಣ ಭುಜಕ್ಕೆ ಮೂಗು ಒರೆಸಿಕೊಂಡ. ಅಲುಗಾಡದ ರೆಕ್ಕೆಗಳನ್ನು ಕಣ್ಣೆತ್ತಿ ನೋಡಿದ. ಬಾಯಿ ತಪ್ಪಿ ಮಾತು ಹೊರಬಿತ್ತು.

"ಸ್ವಲ್ಪ ಗಾಳಿ ಇದ್ದಿದ್ರೆ..."

ಪುಟ್ಟಲಕ್ಷ್ಮಿ ಎದ್ದು ಕೆಳಗೆ ಹೋದಳು. ಬರುವಾಗ ಕೈಯಲ್ಲಿ ಬಿದಿರಿನ ಬೀಸಣಿಗೆ ಇತ್ತು. ಗಂಡನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ನಲವತ್ತು ಮುತ್ತೈದೆಯರೂ, ಬಾಲರಾಜನೂ ಕೇಳುವ ಹಾಗೆ ಹೇಳಿದಳು.

"ಗಾಳಿಯಿಂದ ರುಬ್ತೀನಿ ಅಂತ ತಾನೇ ನೀವು ಪ್ರತಿಜ್ಞೆ ಮಾಡಿದ್ದು? ತಗೊಳ್ಳಿ, ಗಾಳಿ ನಾನು ಹಾಕ್ತೀನಿ, ನೀವು ತಿರುಗಿಸಿ. ಹೂಂ! ಒನ್, ಟೂ!"